ತಳ್ಳುವವರಿಲ್ಲದ ತಿರುಗಾಟ

ಚಂದ್ರ ಒಂದು ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚೇ ಓಡುತ್ತಾನೆ. ಅದೇ ಸೆಕೆಂಡಿನಲ್ಲಿ ಭೂಮಿಯ ಕಡೆಗೆ ಸುಮಾರು 1.4 ಮಿಲಿಮೀಟರ್ ಬೀಳುತ್ತಾನೆ. ಓಟ ಅಡ್ಡಕ್ಕೆ, ಬೀಳುವುದು ಒಳಕ್ಕೆ. ಕಿಲೋಮೀಟರು ಓಡಿ ಮಿಲಿಮೀಟರು ಬಿದ್ದು, ಮತ್ತೆ ಕಿಲೋಮೀಟರು ಓಡಿ ಮಿಲಿಮೀಟರು ಬಿದ್ದು, ಹೀಗೇ 27 ದಿನ 7 ಗಂಟೆ 43 ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತಾನೆ. ಬೀಳುವುದು ನಿಂತರೆ ಅವನು ನಮ್ಮ ಸಹವಾಸ ಬಿಟ್ಟು ನೆಟ್ಟಗೆ ಹೊರಟುಹೋಗುತ್ತಾನೆ. ಓಡುವುದು ನಿಂತರೆ ಐದು ದಿನ ತುಂಬುವುದರೊಳಗೆ ಬಂದು ನಮ್ಮ ಮೇಲೆ ಬೀಳುತ್ತಾನೆ. ಕಕ್ಷೆ ಅಂದರೆ ಇಷ್ಟೇ.

ಇಷ್ಟೇ ಆದದ್ದು ಮನುಷ್ಯರಿಗೆ ಹೊಳೆಯಲು ಎರಡು ಸಾವಿರ ವರ್ಷ ಹಿಡಿಯಿತು. ಲೆಕ್ಕ ಬಾರದೆ ತಡವಾಯಿತು ಅನ್ನುವಂತಿಲ್ಲ. ಗ್ರಹಣ ಎಂದು ಹಿಡಿಯುತ್ತದೆ, ಗುರು ಯಾವ ರಾಶಿಗೆ ಯಾವಾಗ ಬರುತ್ತಾನೆ ಎಂಬುದನ್ನು ಹಿಂದಿನವರು ಚೆನ್ನಾಗಿಯೇ ಹೇಳುತ್ತಿದ್ದರು. ಎಡವಿದ್ದು ಪ್ರಶ್ನೆಯಲ್ಲಿ. ಎಲ್ಲರೂ ಕೇಳಿದ್ದು ಒಂದನ್ನೇ: ಗ್ರಹಗಳನ್ನು ತಳ್ಳುತ್ತಿರುವವರು ಯಾರು?

ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನೆಲದ ಮೇಲೆ ಯಾವುದೂ ತಾನಾಗಿ ಓಡುತ್ತಲೇ ಇರುವುದಿಲ್ಲ. ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆ. ಹಾಗಾಗಿ ಆಕಾಶದಲ್ಲೂ ಎತ್ತಿನ ಹುಡುಕಾಟ ನಡೆಯಿತು. ನಮ್ಮ ಸಿದ್ಧಾಂತ ಗ್ರಂಥಗಳು ಪ್ರವಹವೆಂಬ ವಾಯುವನ್ನು ಹೇಳಿದವು. ನಕ್ಷತ್ರ, ಗ್ರಹಗಳನ್ನೆಲ್ಲ ಪಶ್ಚಿಮಕ್ಕೆ ಸಾಗಿಸುವುದು ಅದರ ಕೆಲಸ. ಅರಿಸ್ಟಾಟಲನ ಹಿಂಬಾಲಕರು ಒಂದರೊಳಗೊಂದು ತಿರುಗುವ ಸ್ಫಟಿಕದ ಗೋಳಗಳನ್ನು ಕಟ್ಟಿದರು. ಗ್ರಹಗಳ ದಾರಿ ದೀರ್ಘವೃತ್ತವೆಂದು 1609ರಲ್ಲಿ ತೋರಿಸಿದ ಕೆಪ್ಲರನಂಥವನೇ, ಸೂರ್ಯ ತಿರುಗುತ್ತ ತನ್ನ ಶಕ್ತಿಯಿಂದ ಗ್ರಹಗಳನ್ನು ಗುಡಿಸಿಕೊಂಡು ಹೋಗುತ್ತಾನೆಂದು ನಂಬಿದ್ದ. ದಾರ್ಶನಿಕ ಡೆಕಾರ್ಟ್ ಬಾಹ್ಯಾಕಾಶದ ತುಂಬ ಸೂಕ್ಷ್ಮದ್ರವ್ಯದ ಸುಳಿಗಳನ್ನು ಎಬ್ಬಿಸಿದ. ಚಲಿಸುವ ವಸ್ತುವನ್ನು ಯಾರೂ ತಡೆಯದಿದ್ದರೆ ಅದು ತಾನಾಗಿ ನೇರ ಗೆರೆಯಲ್ಲೇ ಸಾಗುತ್ತದೆಂದು 1644ರಲ್ಲಿ ಸ್ಪಷ್ಟವಾಗಿ ಬರೆದವನೂ ಇದೇ ಡೆಕಾರ್ಟ್ ಎಂಬುದು ಸ್ವಾರಸ್ಯ. ಬೀಗದ ಕೈ ಜೇಬಿನಲ್ಲೇ ಇತ್ತು.

ಇಲ್ಲಿ ಭಾಸ್ಕರಾಚಾರ್ಯನ ಹೆಸರು ತರದಿದ್ದರೆ ಓದುಗರಲ್ಲಿ ಕೆಲವರಾದರೂ ಮುನಿಸಿಕೊಳ್ಳುತ್ತಾರೆ. ವಾಟ್ಸ್ಆ್ಯಪಿನಲ್ಲಿ ಗುರುತ್ವವನ್ನು ಮೊದಲು ಕಂಡುಹಿಡಿದವನು ಅವನೇ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅವನು ಭೂಮಿಗೆ ಆಕರ್ಷಣ ಶಕ್ತಿಯಿದೆ, ಭಾರವಾದದ್ದನ್ನು ಅದು ತನ್ನತ್ತ ಎಳೆದುಕೊಳ್ಳುತ್ತದೆ, ಸುತ್ತಲೂ ಆಕಾಶ ಒಂದೇ ಸಮ ಇರುವಾಗ ಭೂಮಿ ತಾನೇ ಬೀಳುವುದು ಎಲ್ಲಿಗೆ ಎಂದು ಹೇಳಿರುವುದು ನಿಜ. ದೊಡ್ಡ ಮಾತೇ. ಆದರೆ ಹಣ್ಣನ್ನು ಬೀಳಿಸುವ ಆ ಶಕ್ತಿಯೇ ಚಂದ್ರನನ್ನೂ ತಿರುಗಿಸುತ್ತಿದೆ ಎಂಬಲ್ಲಿಗೆ ಅವನು ಹೋಗಲಿಲ್ಲ. ಗ್ರಹಗಳಿಗೆ ಅವನಲ್ಲೂ ಪ್ರವಹ ವಾಯುವೇ ಗತಿ. ಅವನು ಹೇಳಿದ್ದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಹೇಳದ್ದನ್ನು ಅವನ ತಲೆಗೆ ಕಟ್ಟುವುದು ಬೇಡ.

ಪ್ರಶ್ನೆ ಬದಲಾದದ್ದು ಲಂಡನ್ನಿನಲ್ಲಿ. 1679ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಕೇಂಬ್ರಿಜ್‌ನಲ್ಲಿದ್ದ ನ್ಯೂಟನ್‌ಗೆ ಒಂದು ಪತ್ರ ಬರೆದ. ಗ್ರಹದ ಚಲನೆಯನ್ನು ಎರಡಾಗಿ ಬಿಡಿಸಿ ನೋಡಬಹುದಲ್ಲ, ಒಂದು ತನ್ನ ಪಾಡಿಗೆ ನೇರ ಸಾಗುವ ಚಲನೆ, ಇನ್ನೊಂದು ನಡುವಿನ ಕಾಯದತ್ತ ಸೆಳೆತ, ಇದರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂಬುದು ಅದರ ತಿರುಳು. ನನ್ನ ಮಟ್ಟಿಗೆ ಕಥೆಯ ತಿರುವು ಇರುವುದು ಸೇಬಿನ ತೋಟದಲ್ಲಲ್ಲ, ಈ ಪತ್ರದಲ್ಲಿ. ಮುಂದಕ್ಕೆ ತಳ್ಳುವವರು ಬೇಕೇ ಇಲ್ಲ, ಪಕ್ಕಕ್ಕೆ ಬಾಗಿಸುವವರಿದ್ದರೆ ಸಾಕು ಎಂಬುದು ಅದರಲ್ಲಿದೆ. ಹುಕ್‌ಗೆ ಇದನ್ನು ಗಣಿತದಲ್ಲಿ ಕೂರಿಸಲು ಬರಲಿಲ್ಲ. ನ್ಯೂಟನ್‌ಗೆ ಬಂತು, ಆದರೆ ಹುಕ್‌ನ ಋಣ ಒಪ್ಪಿಕೊಳ್ಳುವ ಮನಸ್ಸು ಬರಲಿಲ್ಲ.

ನಾಲ್ಕು ವರ್ಷ ಕಳೆದು, 1684ರ ಜನವರಿಯಲ್ಲಿ, ಹುಕ್, ಎಡ್ಮಂಡ್ ಹ್ಯಾಲಿ, ಕಟ್ಟಡಗಳ ಶಿಲ್ಪಿ ಕ್ರಿಸ್ಟೋಫರ್ ರೆನ್ ಮೂವರೂ ಮಾತಿಗೆ ಕೂತರು. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ, ಅಂದರೆ ದೂರ ಎರಡರಷ್ಟಾದರೆ ಸೆಳೆತ ಕಾಲುಭಾಗ, ಮೂರರಷ್ಟಾದರೆ ಒಂಬತ್ತನೇ ಒಂದು ಭಾಗ ಎಂಬ ಗುಮಾನಿ ಮೂವರಿಗೂ ಇತ್ತು. ಅದರಿಂದ ಕೆಪ್ಲರನ ದೀರ್ಘವೃತ್ತ ಬರುತ್ತದೆಂದು ಸಾಧಿಸಿ ತೋರಿಸುವವರು ಯಾರು? ತನ್ನ ಹತ್ತಿರ ಸಾಧನೆ ಇದೆ, ಆದರೆ ಸದ್ಯಕ್ಕೆ ತೋರಿಸುವುದಿಲ್ಲ ಎಂದ ಹುಕ್. ರೆನ್ ನಕ್ಕಿರಬೇಕು. ಎರಡು ತಿಂಗಳೊಳಗೆ ತಂದವರಿಗೆ 40 ಶಿಲಿಂಗ್ ಬೆಲೆಯ ಪುಸ್ತಕ ಬಹುಮಾನ ಎಂದು ಸಾರಿದ. ಯಾರೂ ತರಲಿಲ್ಲ.

ಆಗಸ್ಟಿನಲ್ಲಿ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ನ್ಯೂಟನ್‌ನನ್ನೇ ಕೇಳಿದ. ದೀರ್ಘವೃತ್ತ, ನಾನು ಲೆಕ್ಕ ಹಾಕಿದ್ದೇನೆ ಎಂದ ನ್ಯೂಟನ್. ಕಾಗದ ಮಾತ್ರ ಸಿಗಲಿಲ್ಲ. ನವೆಂಬರಿನಲ್ಲಿ ಒಂಬತ್ತು ಪುಟದ ಬರಹ ಬಂತು. ಅದೇ ಬೆಳೆದು 1687ರಲ್ಲಿ ‘ಪ್ರಿನ್ಸಿಪಿಯಾ’ ಆಯಿತು. ರಾಯಲ್ ಸೊಸೈಟಿಯ ದುಡ್ಡು ಅದಾಗಲೇ ಮೀನುಗಳ ಕುರಿತ ಭಾರಿ ಚಿತ್ರಪುಸ್ತಕವೊಂದರ ಮೇಲೆ ಮುಗಿದುಹೋಗಿತ್ತು. ಮುದ್ರಣದ ಖರ್ಚನ್ನು ಹ್ಯಾಲಿಯೇ ಕೈಯಿಂದ ಹಾಕಿದ. ಅವನಿಗೆ ಸಂಬಳದ ಬದಲು ಸೊಸೈಟಿ ಕೊಟ್ಟದ್ದು ಖರ್ಚಾಗದೆ ಉಳಿದ ಆ ಮೀನಿನ ಪುಸ್ತಕದ ಪ್ರತಿಗಳನ್ನು. ವಿಜ್ಞಾನದ ಚರಿತ್ರೆಯಲ್ಲಿ ಹ್ಯಾಲಿಗೆ ಒಂದು ಧೂಮಕೇತು ಸಿಕ್ಕಿದೆ. ಇದಕ್ಕಾಗಿ ಇನ್ನೊಂದು ಸಿಗಬೇಕಿತ್ತು.

ಸೇಬಿನ ಲೆಕ್ಕ

ನೆಲದ ಹತ್ತಿರ ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರನಿರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ, ಭೂಮಿಯ ಕೇಂದ್ರದಿಂದ ಅಳೆದರೆ ಸೇಬಿಗಿಂತ ಅರವತ್ತು ಪಟ್ಟು ಆಚೆ. ವರ್ಗದ ನಿಯಮ ಸರಿಯಾಗಿದ್ದರೆ ಅಲ್ಲಿ ಸೆಳೆತ 60ರ ವರ್ಗದಷ್ಟು, ಅಂದರೆ 3,600 ಪಟ್ಟು ಕಡಿಮೆ ಇರಬೇಕು. 4.9 ಮೀಟರನ್ನು 3,600ರಿಂದ ಭಾಗಿಸಿ: 1.4 ಮಿಲಿಮೀಟರ್. ಇನ್ನೊಂದು ಕಡೆಯಿಂದ, ಚಂದ್ರನ ವೇಗ ಮತ್ತು ಅವನ ಕಕ್ಷೆಯ ಅಗಲವನ್ನಷ್ಟೇ ಹಿಡಿದು, ಅವನ ದಾರಿ ಸೆಕೆಂಡಿಗೆ ಎಷ್ಟು ಬಾಗುತ್ತದೆಂದು ಅಳೆದರೂ ಅದೇ ಸಂಖ್ಯೆ. ಸೇಬು ಒಂದು ಸೆಕೆಂಡಿನಲ್ಲಿ ಬೀಳುವಷ್ಟನ್ನು ಚಂದ್ರ ಒಂದು ನಿಮಿಷದಲ್ಲಿ ಬೀಳುತ್ತಾನೆ ಎಂದರೂ ಸರಿಯೇ. ಇದೇ ಲೆಕ್ಕವನ್ನು ನ್ಯೂಟನ್ ಯೌವನದಲ್ಲೂ ಮಾಡಿ ನೋಡಿದ್ದ. ಆಗ ಅವನ ಕೈಯಲ್ಲಿದ್ದ ಭೂಮಿಯ ಅಳತೆ ಚಿಕ್ಕದಾಗಿದ್ದರಿಂದ ಉತ್ತರ ಸರಿಯಾಗಿ ಕೂಡಲಿಲ್ಲ. ಫ್ರಾನ್ಸಿನ ಜ್ಯಾನ್ ಪಿಕಾರ್ ಮಾಡಿದ ಹೊಸ ಅಳತೆ ಸಿಕ್ಕ ಮೇಲೆ ಕೂಡಿತು. ನೆಲಕ್ಕೊಂದು ನ್ಯಾಯ, ಆಕಾಶಕ್ಕೊಂದು ನ್ಯಾಯ ಎಂಬ ಹಳೆಯ ಭೇದ ಮುಗಿದದ್ದು ಇಂಥ ಒಂದು ಭಾಗಾಕಾರದಲ್ಲಿ.

ಬೀಳುತ್ತಿದ್ದರೂ ನೆಲ ಮುಟ್ಟುವುದಿಲ್ಲ ಯಾಕೆ ಎಂಬುದಕ್ಕೂ ನ್ಯೂಟನ್‌ನದೇ ಚಿತ್ರವಿದೆ. ಗಾಳಿಯ ಗೊಡವೆಯಿಲ್ಲದಷ್ಟು ಎತ್ತರದ ಒಂದು ಬೆಟ್ಟ. ತುದಿಯಲ್ಲಿ ಫಿರಂಗಿ, ಗುರಿ ಅಡ್ಡಕ್ಕೆ. ಗುಂಡು ಮೆಲ್ಲಗೆ ಹೋದರೆ ಬೆಟ್ಟದ ಬುಡದಲ್ಲಿ ಬೀಳುತ್ತದೆ, ಜೋರಾಗಿ ಹೋದರೆ ಇನ್ನಷ್ಟು ದೂರದಲ್ಲಿ. ಭೂಮಿ ದುಂಡಗಿದೆ. ಎಂಟು ಕಿಲೋಮೀಟರು ಹೋಗುವಷ್ಟರಲ್ಲಿ ಅದರ ಮೈ ಸುಮಾರು ಐದು ಮೀಟರಿನಷ್ಟು ಕೆಳಕ್ಕೆ ಬಾಗಿರುತ್ತದೆ. ಸೆಕೆಂಡಿಗೆ 7.9 ಕಿ.ಮೀ. ವೇಗದಲ್ಲಿ ಹೊರಟ ಗುಂಡು ಆ ಸೆಕೆಂಡಿನಲ್ಲಿ ಐದು ಮೀಟರು ಬೀಳುತ್ತದೆ, ನೆಲವೂ ಅಷ್ಟೇ ಜಾರಿಕೊಂಡಿರುತ್ತದೆ. ಮುಂದಿನ ಸೆಕೆಂಡಿಗೂ ಅದೇ ಕಥೆ. ಗುಂಡು ಸುತ್ತಿ ಬಂದು ಫಿರಂಗಿಯ ಹಿಂದುಗಡೆಗೇ ತಾಗುತ್ತದೆ.

‘ಪ್ರಿನ್ಸಿಪಿಯಾ’ದಲ್ಲಿ ಕವಣೆಯ ಉದಾಹರಣೆಯೂ ಬರುತ್ತದೆ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ: ಕಲ್ಲು ತಿರುಗುತ್ತಿರುವಷ್ಟು ಹೊತ್ತು ಹಗ್ಗ ಅದನ್ನು ಕೈಯತ್ತ ಎಳೆಯುತ್ತಿರುತ್ತದೆ, ಗುರುತ್ವ ಮಾಡುವುದೂ ಅದನ್ನೇ. ಹಗ್ಗದ ಒಂದೆಳೆ ಬಿಟ್ಟಾಗ ಕಲ್ಲು ಹೊರಕ್ಕೆ ಸಿಡಿಯಿತು ಅನ್ನುತ್ತೇವೆ; ಅದು ಹೋಗುವುದು ಆ ಗಳಿಗೆಯಲ್ಲಿ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಆ ದಿಕ್ಕಿಗೆ, ನೆಟ್ಟಗೆ. ಎಷ್ಟೋ ಪಠ್ಯಗಳಲ್ಲಿ ಇಂದಿಗೂ ‘ಒಳಗಿನ ಸೆಳೆತವನ್ನು ಹೊರಗಿನ ಬಲ ಸರಿದೂಗಿಸುವುದರಿಂದ ಗ್ರಹ ನಿಂತಿದೆ’ ಎಂಬ ವಾಕ್ಯ ಕಾಣುತ್ತದೆ. ಎರಡು ಬಲಗಳು ಸರಿದೂಗಿಬಿಟ್ಟರೆ ಗ್ರಹ ಬಾಗುವುದೇ ಇಲ್ಲ, ನೇರ ಹೋಗುತ್ತದೆ. ಸರಿದೂಗದೆ ಇರುವುದರಿಂದಲೇ ಅದು ಸುತ್ತುತ್ತಿದೆ.

ಇದಕ್ಕಿಂತ ಹಠಮಾರಿ ತಪ್ಪು ಕಲ್ಪನೆ ಇನ್ನೊಂದಿದೆ, ಬಾಹ್ಯಾಕಾಶದಲ್ಲಿ ಗುರುತ್ವ ಇರುವುದಿಲ್ಲ ಎಂಬುದು. 2025ರ ಜೂನ್–ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲುತ್ತಿದ್ದ ದೃಶ್ಯಗಳನ್ನು ತೋರಿಸುತ್ತ ಟಿ.ವಿ.ಗಳು ಅದನ್ನೇ ಮತ್ತೆ ಮತ್ತೆ ಹೇಳಿದವು. ಆ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಯ ದೂರ. ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ 90ರಷ್ಟು ಹಾಗೇ ಇರುತ್ತದೆ. ಶುಕ್ಲಾ ಅವರೂ, ಅವರ ಕೈಲಿದ್ದ ಪೆನ್ನೂ, ಸುತ್ತಲಿನ ಗೋಡೆಯೂ ಒಂದೇ ವೇಗದಲ್ಲಿ ಒಟ್ಟಿಗೇ ಬೀಳುತ್ತಿದ್ದುದರಿಂದ ಯಾವುದರ ಭಾರವೂ ಯಾವುದರ ಮೇಲೂ ಬೀಳಲಿಲ್ಲ. ಗುರುತ್ವ ಇಲ್ಲದಿದ್ದರೆ ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವುದಿರಲಿ, ಹೊರಟ ಕಡೆಗೆ ಹೊರಟೇ ಹೋಗುತ್ತಿತ್ತು.

ಎಂಜಿನ್ ಉರಿಸಿದ 43 ಸೆಕೆಂಡು

ಕಕ್ಷೆಯ ಪಾಠ ಕಲಿಯಲು 2023ರ ಜುಲೈ–ಆಗಸ್ಟ್ ತಿಂಗಳುಗಳಿಗಿಂತ ಒಳ್ಳೆಯ ತರಗತಿ ಇರಲಿಲ್ಲ. ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-3, ಚಂದ್ರನ ಕಡೆಗೆ ನೇರ ಹೋಗಲಿಲ್ಲ. ಭೂಮಿಗೆ ಒಂದು ತುದಿ ಹತ್ತಿರ, ಇನ್ನೊಂದು ತುದಿ ದೂರ ಇರುವ ಕೋಳಿಮೊಟ್ಟೆಯಾಕಾರದ ಕಕ್ಷೆಯಲ್ಲಿ ಸುತ್ತತೊಡಗಿತು. ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಿಂದ ಆಜ್ಞೆ ಹೋದಾಗಲೆಲ್ಲ ಎಂಜಿನ್ ಸ್ವಲ್ಪ ಉರಿಯುವುದು, ದೂರದ ತುದಿ ಇನ್ನಷ್ಟು ಹಿಗ್ಗುವುದು: 41,762 ಕಿ.ಮೀ., 51,400 ಕಿ.ಮೀ., 71,351 ಕಿ.ಮೀ., ಜುಲೈ 25ರ ಹೊತ್ತಿಗೆ ಸುಮಾರು 1,27,600 ಕಿ.ಮೀ. ಹತ್ತಿರದ ತುದಿ ಮಾತ್ರ ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಉಳಿಯಿತು.

ಎಂಜಿನ್ ಉರಿಸಿದ್ದು ನೌಕೆ ಭೂಮಿಗೆ ತೀರಾ ಹತ್ತಿರ ಬಂದಾಗ. ಬೀಳುವ ವಸ್ತುವಿನ ವೇಗ ಏರುತ್ತದೆ, ಮೇಲೇರುವುದರದು ಇಳಿಯುತ್ತದೆ. ದೀರ್ಘವೃತ್ತದಲ್ಲಿ ಹೋಗುವ ಯಾವುದಕ್ಕೂ ಹತ್ತಿರದ ತುದಿಯಲ್ಲೇ ಓಟ ಅತಿ ಜೋರು. ಅಲ್ಲಿ ಕೊಟ್ಟ ಸಣ್ಣ ಒತ್ತಿಗೂ ಶಕ್ತಿಯ ಲಾಭ ಹೆಚ್ಚು. ಎಲ್ಲಿ ಉರಿಸಿದಿರೋ ಆ ಜಾಗಕ್ಕೆ ಕಕ್ಷೆ ಮರಳಿ ಬರಲೇಬೇಕು, ಹಾಗಾಗಿ ಹಿಗ್ಗುವುದು ಎದುರಿನ ತುದಿ. ನಮ್ಮ ಭೂಮಿಯೂ ಸೂರ್ಯನ ಸುತ್ತ ಹೀಗೇ ನಡೆದುಕೊಳ್ಳುತ್ತದೆ. ಜನವರಿ ಮೊದಲ ವಾರ, ಸಂಕ್ರಾಂತಿಗೆ ಇನ್ನೂ ಹತ್ತು ದಿನವಿರುವಾಗ, ಅದು ಸೂರ್ಯನಿಗೆ ಅತಿ ಹತ್ತಿರ, 14.7 ಕೋಟಿ ಕಿ.ಮೀ.; ವೇಗ ಸೆಕೆಂಡಿಗೆ 30.3 ಕಿ.ಮೀ. ಜುಲೈನಲ್ಲಿ 15.2 ಕೋಟಿ, 29.3 ಕಿ.ಮೀ. ನಮಗೆ ಚಳಿಯಾಗುವಾಗಲೇ ಸೂರ್ಯ ಹತ್ತಿರ. ಚಳಿ-ಸೆಕೆಗಳ ಸಂಬಂಧ ಭೂಮಿಯ ಓರೆಯೊಂದಿಗೇ ಹೊರತು ಈ ದೂರದೊಂದಿಗಿಲ್ಲ.

ಆಗಸ್ಟ್ 5ರಂದು ಚಂದ್ರಯಾನ-3 ಚಂದ್ರನ ಹತ್ತಿರ ಬಂದಾಗ ಮಾಡಬೇಕಾದ್ದು ತದ್ವಿರುದ್ಧ, ಬ್ರೇಕು. ವೇಗ ತಗ್ಗಿಸದಿದ್ದರೆ ಚಂದ್ರನ ಸೆಳೆತ ದಾರಿಯನ್ನು ಒಂದಿಷ್ಟು ಬಾಗಿಸಿ ಬಿಟ್ಟುಬಿಡುತ್ತಿತ್ತು, ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ.

ಅದೇ ತಿಂಗಳು ರಷ್ಯಾದ ಲೂನಾ-25 ಕೂಡ ಅಲ್ಲಿಗೆ ತಲುಪಿತ್ತು. ಆಗಸ್ಟ್ 19ರಂದು ಅದರ ಕಕ್ಷೆಯನ್ನು ತಗ್ಗಿಸಲು ಎಂಜಿನ್ 84 ಸೆಕೆಂಡು ಉರಿಯಬೇಕಿತ್ತು. ಉರಿದದ್ದು 127 ಸೆಕೆಂಡು. ನೌಕೆಗೆ ಬೇರೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ಹೆಚ್ಚುವರಿ 43 ಸೆಕೆಂಡು ಬ್ರೇಕು ಹಾಕಿದ್ದರಿಂದ ಅಡ್ಡ ವೇಗ ಬೇಕಾದ್ದಕ್ಕಿಂತ ಕುಗ್ಗಿ, ಹೊಸ ಕಕ್ಷೆಯ ಕೆಳತುದಿ ಚಂದ್ರನ ನೆಲದ ಒಳಗೆ ಹೋಗಿಬಿಟ್ಟಿತು. ಗಣಿತದಲ್ಲಿ ಅದೂ ಒಂದು ಕಕ್ಷೆಯೇ. ನೆಲ ಅಡ್ಡ ಬಂತು, ಅಷ್ಟೆ. ನಾಲ್ಕು ದಿನ ಬಿಟ್ಟು ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಬ್ಯಾಲಾಳಿನ 32 ಮೀಟರ್ ಆಂಟೆನಾ ಆ ಸಂಕೇತಗಳಿಗೆ ಕಿವಿಗೊಟ್ಟಿತ್ತು.

ಅಡ್ಡ ವೇಗದ ಮಹತ್ವ ಇನ್ನೂ ಚೆನ್ನಾಗಿ ತಿಳಿಯಬೇಕಾದರೆ ಸೂರ್ಯನತ್ತ ಹೋಗಿ ನೋಡಬೇಕು. ಸೂರ್ಯನ ಸೆಳೆತ ಅಷ್ಟು ದೊಡ್ಡದು, ಸುಮ್ಮನೆ ಬಿಟ್ಟರೆ ನೌಕೆ ಜಾರಿಕೊಂಡು ಹೋಗಿ ಬೀಳಬೇಕಲ್ಲ? ಬೀಳುವುದಿಲ್ಲ. ಭೂಮಿಯಿಂದ ಹೊರಟ ಎಲ್ಲಕ್ಕೂ ಭೂಮಿಯ ಸೆಕೆಂಡಿಗೆ 30 ಕಿ.ಮೀ. ಅಡ್ಡ ವೇಗ ಬಳುವಳಿಯಾಗಿ ಬಂದಿರುತ್ತದೆ. ಅದನ್ನು ಕಳೆದುಕೊಳ್ಳುವುದೇ ಕಷ್ಟ. 2018ರಲ್ಲಿ ನಾಸಾ ಹಾರಿಸಿದ ಪಾರ್ಕರ್ ನೌಕೆ ಏಳು ಸಲ ಶುಕ್ರನ ಪಕ್ಕ ಹಾದು ಸ್ವಲ್ಪ ಸ್ವಲ್ಪವಾಗಿ ಆ ಹೊರೆ ಇಳಿಸಿಕೊಂಡು, 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಗೆ 61 ಲಕ್ಷ ಕಿ.ಮೀ. ಹತ್ತಿರ ಹೋಯಿತು. ಭೂಮಿಯ ಓಟ ಒಮ್ಮೆಗೇ ನಿಂತುಹೋದರೆ ನಾವು ಸೂರ್ಯನನ್ನು ಸೇರಲು ಸುಮಾರು 65 ದಿನ ಸಾಕು. ಓಡುತ್ತಿರುವುದರಿಂದ ಸೆಕೆಂಡಿಗೆ ಮೂರು ಮಿಲಿಮೀಟರು ಬೀಳುವುದಷ್ಟೇ ನಮ್ಮ ಪಾಲಿಗಿದೆ.

ಚಂದ್ರ ಯಾರವನು?

ಈ ವಿಷಯದಲ್ಲಿ ನನಗೆ ಅತಿ ಪ್ರಿಯವಾದ ಸಂಗತಿ ಒಂದಿದೆ. ಚಂದ್ರನನ್ನು ಭೂಮಿ ಎಳೆಯುವುದಕ್ಕಿಂತ ಸೂರ್ಯ ಎಳೆಯುವುದು ಹೆಚ್ಚು, ಎರಡು ಪಟ್ಟಿಗೂ ಮಿಕ್ಕಿ. ಹಾಗಿದ್ದರೆ ಸೂರ್ಯ ಅವನನ್ನು ಕಿತ್ತುಕೊಂಡು ಹೋಗಬೇಕಿತ್ತು. ಹೋಗುವುದಿಲ್ಲ, ಏಕೆಂದರೆ ಸೂರ್ಯ ಭೂಮಿಯನ್ನೂ ಚಂದ್ರನನ್ನೂ ಹೆಚ್ಚುಕಡಿಮೆ ಸಮನಾಗಿ ಬೀಳಿಸುತ್ತಿದ್ದಾನೆ. ಒಟ್ಟಿಗೆ ಬೀಳುವವರ ನಡುವಿನ ಸಂಬಂಧ ಅದರಿಂದ ಕೆಡುವುದಿಲ್ಲ. ಶುಕ್ಲಾ ಮತ್ತು ಪೆನ್ನಿನ ಕಥೆಯೇ ಇದು, ದೊಡ್ಡ ಪ್ರಮಾಣದಲ್ಲಿ. ಇಬ್ಬರ ಮೇಲಿನ ಸೆಳೆತದಲ್ಲಿ ಇರುವ ಅಲ್ಪ ವ್ಯತ್ಯಾಸ ಮಾತ್ರ ಚಂದ್ರನ ಕಕ್ಷೆಯನ್ನು ಜಗ್ಗಾಡುತ್ತದೆ. ಸೂರ್ಯನ ಕಡೆಯಿಂದ ನೋಡುವವರಿಗೆ ಚಂದ್ರನ ದಾರಿ ಸುರುಳಿ ಸುರುಳಿಯಾಗಿ ಕಾಣುವುದೇ ಇಲ್ಲ. ಅದು ಸದಾ ಸೂರ್ಯನತ್ತಲೇ ಬಾಗಿದ, ಅಲ್ಲಲ್ಲಿ ಕೊಂಚ ಅಲುಗಿದ ಒಂದು ದೊಡ್ಡ ಸುತ್ತು. ಇಬ್ಬರೂ ಸೂರ್ಯನನ್ನೇ ಸುತ್ತುತ್ತ, ಓಡುತ್ತಲೇ ಬದಿ ಬದಲಿಸಿಕೊಳ್ಳುತ್ತಿದ್ದಾರೆ ಎಂದರೂ ತಪ್ಪಿಲ್ಲ.

ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದವರಿಗೆ ಈ ಜಗ್ಗಾಟ ದಿನನಿತ್ಯದ ತಲೆನೋವು. ನಮ್ಮ ಟಿ.ವಿ. ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿ ನೇತುಹಾಕಿದಂತೆ ಕಂಡರೂ ಸೆಕೆಂಡಿಗೆ ಮೂರು ಕಿ.ಮೀ. ಓಡುತ್ತಿರುತ್ತವೆ, ಅಲ್ಲಿ ಒಂದು ಸುತ್ತಿಗೆ ಭೂಮಿಯ ಒಂದು ಸುತ್ತಿನಷ್ಟೇ ಕಾಲ ಹಿಡಿಯುವುದರಿಂದ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಿವೆ. ಸೂರ್ಯ, ಚಂದ್ರರ ಸೆಳೆತ ಅವುಗಳ ಕಕ್ಷೆಯನ್ನು ವರ್ಷ ವರ್ಷ ಓರೆ ಮಾಡುತ್ತ ಹೋಗುತ್ತದೆ. ಆಗಾಗ ಇಂಧನ ಉರಿಸಿ ಸರಿಪಡಿಸಬೇಕು. ಇಂಧನ ಮುಗಿದರೆ ಉಪಗ್ರಹದ ಆಯುಸ್ಸೂ ಮುಗಿದಂತೆ.

ಕಕ್ಷೆ ಎಂದೆಂದಿಗೂ ಇದ್ದಂತೆಯೇ ಇರುತ್ತದೆ ಎಂದೇನಿಲ್ಲ. ಚಂದ್ರನ ಸೆಳೆತಕ್ಕೆ ಸಮುದ್ರ ಉಬ್ಬುತ್ತದೆ. ಭೂಮಿ ಚಂದ್ರನಿಗಿಂತ ಬೇಗ ತಿರುಗುವುದರಿಂದ ಆ ಉಬ್ಬು ಅವನಿಗಿಂತ ಸ್ವಲ್ಪ ಮುಂದೆ ಸರಿದಿರುತ್ತದೆ, ಅಲ್ಲಿಂದ ಅವನನ್ನು ಮುಂದಕ್ಕೆ ಸೆಳೆಯುತ್ತದೆ. ಅವನ ಕಕ್ಷೆ ಹಿಗ್ಗುತ್ತದೆ, ಭೂಮಿಯ ತಿರುಗುವಿಕೆ ನಿಧಾನವಾಗುತ್ತದೆ. ಅಪೊಲೊ ಯಾತ್ರಿಕರು ಅಲ್ಲಿಟ್ಟು ಬಂದ ಕನ್ನಡಿಗಳಿಗೆ ಲೇಸರ್ ಹೊಡೆದು ಅಳೆದರೆ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿರುವುದು ಗೊತ್ತಾಗುತ್ತದೆ. ಮಂಗಳನ ಫೋಬೋಸ್ ಎಂಬ ಚಂದ್ರನ ಹಣೆಬರಹ ಇದರ ಉಲ್ಟಾ. ಮಂಗಳ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ಮೂರು ಸುತ್ತು ಮುಗಿಸಿರುತ್ತದೆ. ಉಬ್ಬು ಅದರ ಹಿಂದೆ ಬಿದ್ದು ಹಿಂದಕ್ಕೇ ಜಗ್ಗುತ್ತದೆ. ಶತಮಾನಕ್ಕೆ ಸುಮಾರು 1.8 ಮೀಟರ್ ಒಳಸರಿಯುತ್ತ ಇನ್ನು ಐದು ಕೋಟಿ ವರ್ಷಗಳ ಆಸುಪಾಸಿನಲ್ಲಿ ಅದು ಒಡೆದು ಚೂರಾಗಬಹುದು, ಇಲ್ಲವೇ ಮಂಗಳಕ್ಕೆ ಅಪ್ಪಳಿಸಬಹುದು.

ಎಳೆಯುವವರೂ ಇಲ್ಲವೇ?

ತಳ್ಳುವವರನ್ನು ನ್ಯೂಟನ್ ಮನೆಗೆ ಕಳಿಸಿದ. ಎಳೆಯುವುದು ಹೇಗೆ ಎಂದು ಕೇಳಿದವರಿಗೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ. ನಡುವೆ ಹಗ್ಗವಿಲ್ಲ, ಏನೂ ಇಲ್ಲ. ಕೋಟಿ ಕಿಲೋಮೀಟರು ಆಚೆಯಿಂದ ಸೆಳೆತ ಮುಟ್ಟುವುದು ಯಾವ ದಾರಿಯಿಂದ? ಗಣಿತಜ್ಞ ಲೈಬ್ನಿಟ್ಸ್ ಇದನ್ನೇ ಹಿಡಿದು ಹಂಗಿಸಿದ. ಕಾರಣವನ್ನು ಊಹಿಸಿ ಹೇಳಲಾರೆ ಎಂದು ನ್ಯೂಟನ್ ‘ಪ್ರಿನ್ಸಿಪಿಯಾ’ದ 1713ರ ಎರಡನೇ ಆವೃತ್ತಿಯಲ್ಲಿ ಬರೆದು ಸುಮ್ಮನಾದ. ನಿಯಮ ಕೆಲಸ ಮಾಡುತ್ತಿತ್ತು. ಯುರೇನಸ್ ದಾರಿ ತಪ್ಪುತ್ತಿದೆ, ಆಚೆ ಯಾವುದೋ ಗ್ರಹ ಅದನ್ನು ಸೆಳೆಯುತ್ತಿರಬೇಕು ಎಂದು ಪ್ಯಾರಿಸ್ಸಿನ ಲವೆರಿಯೆ ಕಾಗದದ ಮೇಲೆ ಲೆಕ್ಕ ಹಾಕಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು.

ಇದೇ ಲವೆರಿಯೆಗೆ ಬುಧ ಕೈಕೊಟ್ಟ. ಬುಧನ ದೀರ್ಘವೃತ್ತ ತಾನೇ ನಿಧಾನವಾಗಿ ತಿರುಗುತ್ತದೆ. ಉಳಿದ ಗ್ರಹಗಳ ಸೆಳೆತವನ್ನೆಲ್ಲ ಕಳೆದರೂ ಶತಮಾನಕ್ಕೆ 43 ಆರ್ಕ್ ಸೆಕೆಂಡುಗಳಷ್ಟು ತಿರುಗುವಿಕೆ ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ಹಳೆಯ ಉಪಾಯವನ್ನೇ ಹೂಡಿ, ಬುಧನಿಗಿಂತ ಒಳಗೆ ಇನ್ನೊಂದು ಗ್ರಹವಿದೆ ಎಂದ ಲವೆರಿಯೆ. ಅದಕ್ಕೆ ವಲ್ಕನ್ ಎಂದು ಹೆಸರೂ ಬಿತ್ತು, ಕಂಡೆವೆಂದವರೂ ಹುಟ್ಟಿಕೊಂಡರು. ಗ್ರಹ ಇರಲಿಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತನ್ನ ಹೊಸ ಸಿದ್ಧಾಂತದಿಂದ ಬುಧನ ಕಕ್ಷೆಯನ್ನು ಲೆಕ್ಕ ಹಾಕಿದಾಗ 43 ತಾನಾಗಿಯೇ ಬಂತು. ಆ ಸಿದ್ಧಾಂತದಲ್ಲಿ ಎಳೆಯುವ ಬಲವೇ ಇಲ್ಲ. ಸೂರ್ಯನ ಇರವಿನಿಂದ ಸುತ್ತಲಿನ ದೇಶ-ಕಾಲವೇ ಬಾಗಿದೆ, ಬಾಗಿದ್ದರಲ್ಲಿ ಎಷ್ಟು ನೇರ ಹೋಗಲು ಸಾಧ್ಯವೋ ಅಷ್ಟು ನೇರ ಗ್ರಹ ಹೋಗುತ್ತಿದೆ. ತಳ್ಳುವವರು ಹೋದ ಮೇಲೆ ಎಳೆಯುವವರೂ ಹೊರಟಂತಾಯಿತು.

ಗ್ರಹಗಳ ಸ್ಥಾನವನ್ನು ಅತಿ ನಿಖರವಾಗಿ ಹೇಳಬೇಕಾದ ಇಂದಿನ ಪಟ್ಟಿಗಳಿಗೆ ಐನ್‌ಸ್ಟೈನನ ತಿದ್ದುಪಡಿಯನ್ನು ಸೇರಿಸುತ್ತಾರೆ. ನೌಕೆಯ ಎಂಜಿನ್ ಎಲ್ಲಿ, ಎಷ್ಟು ಸೆಕೆಂಡು ಉರಿಯಬೇಕು ಎಂಬ ಲೆಕ್ಕದ ಮುಕ್ಕಾಲು ಮೂರು ಪಾಲು ಮಾತ್ರ ಇವತ್ತಿಗೂ ಹ್ಯಾಲಿ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ಆ ಪುಸ್ತಕದ್ದೇ.